ಎಸಿ ಆಫ್ ಮಾಡುವ ಶುಕ್ರವಾರ

ಪಟ್ಟಾಭಿಷೇಕದ ಮುಹೂರ್ತದಷ್ಟೇ ಗಂಭೀರವಾದ ವಿಷಯವೊಂದು ಕೊಲ್ಲಿ ದೇಶದ ಅಲ್ ಹಿಲಾಲ್ ಬಡಾವಣೆಯ ಎರಡು ಕೋಣೆಯ ಮನೆಯೊಂದರಲ್ಲಿ ಈ ವರ್ಷ ಮೂರು ಸಲ ಮುಂದಕ್ಕೆ ಹೋಯಿತು. ಎಸಿ ಆಫ್ ಮಾಡುವ ವಿಷಯ.

ಏಪ್ರಿಲ್‌ನಲ್ಲಿ ಹಾಕಿದ ಎಸಿ ನವೆಂಬರಿನ ಮೊದಲ ಶುಕ್ರವಾರ ಸಂಜೆ ನಾಲ್ಕಕ್ಕೆ ನಿಲ್ಲಬೇಕೆಂಬುದು ಯಜ್ಞೇಶನೇ ಮಾಡಿದ ಕಾನೂನು. ರಿಮೋಟ್ ಒತ್ತುವುದು ಅವನು, ಕಿಟಕಿಯ ಸಂದಿಗೆ ಧೂಳು ಬಾರದಂತೆ ಅಂಟಿಸಿದ ಟೇಪು ಕೀಳುವುದೂ ಅವನೇ. ಹೆಂಡತಿ ಸ್ವರ್ಣಲತಾ ಗೋಳಿಬಜೆ ಕರಿಯುತ್ತಾಳೆ. ಮಗಳು ಅಕ್ಷಯಾ ಸೇರಿ ಮೂವರೂ ಕಿಟಕಿಯ ಬಳಿ ಚಾ ಹಿಡಿದು ಕೂತು, ಏಳು ತಿಂಗಳ ನಂತರ ಒಳಗೆ ಬಂದ ಗಾಳಿಯನ್ನು ನೆಂಟರನ್ನು ನೋಡಿದಂತೆ ನೋಡುತ್ತಾರೆ.

ಈ ಸಲ ಮೊದಲ ಶುಕ್ರವಾರ ಅವನು, "ಇನ್ನೂ ಶೆಕೆ ಉಂಟು ಮಾರಾಯ್ತಿ" ಎಂದ. ಎರಡನೆಯದಕ್ಕೆ ಧೂಳು ಅಡ್ಡ ಬಂತು. ಮೂರನೆಯದಕ್ಕೆ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಡ್ಯೂಟಿ. ಎಸಿಯ ಫ್ಯಾನು ಮಾತ್ರ ಅತಿ ಜೋರಿನಲ್ಲೇ ಇತ್ತು. ಮನೆಯಲ್ಲಿ ಉಪ್ಪು ಕೇಳಬೇಕಾದರೂ ದೋಣಿಯಿಂದ ದಡಕ್ಕೆ ಕೂಗುವಂತೆ ಕೂಗಬೇಕು. ಯಜ್ಞೇಶ ಶಾಲು ಹೊದ್ದುಕೊಂಡು ಶೆಕೆ ಎನ್ನುತ್ತಿದ್ದ.

ನಾಲ್ಕನೆಯ ಶುಕ್ರವಾರ ಸ್ವರ್ಣಲತಾ ಬಾಣಲೆ ಇಳಿಸಿ, ಕೈ ಒರೆಸಿಕೊಂಡು ರಿಮೋಟ್ ಎತ್ತಿದಳು.

"ನಿಮ್ಮ ಶೆಕೆ ಖಲಾಸ್."

ಎಸಿ ಒಮ್ಮೆ ನರಳಿ ಸುಮ್ಮನಾಯಿತು. ಅವಳೇ ಟೇಪು ಕಿತ್ತು ಕಿಟಕಿ ತೆರೆದಳು. ಕೆಳಗೆ ಸೈಕಲ್ ಬೆಲ್, ಯಾರದೋ ಕುಕ್ಕರು, ಮೈನಾಗಳ ಜಗಳ. ಆಮೇಲೆ, ಇವುಗಳ ನಡುವೆ, ತೆಳ್ಳಗಿನ ಒಂದು ಸಿಳ್ಳೆ.

"ಅಮ್ಮಾ, ಯಾರೋ ವಿಸಿಲ್ ಮಾಡ್ತಾ ಇದ್ದಾರೆ" ಎಂದಳು ಅಕ್ಷಯಾ.

ಸ್ವರ್ಣಲತಾ ಒಲೆ ನೋಡಿದಳು, ಆರಿತ್ತು. ಕಿಟಕಿ ಮುಚ್ಚಿ ನೋಡಿದಳು, ಸಿಳ್ಳೆ ನಿಲ್ಲಲಿಲ್ಲ. ಅದು ಕೋಣೆಯ ಒಳಗೇ ಇತ್ತು. ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಅವಳು ತಿರುಗಿದಾಗ ಯಜ್ಞೇಶ ಗೋಳಿಬಜೆ ಹಿಡಿದು, ಬಾಯಿ ಬಿಗಿದು ಕೂತಿದ್ದ. ಶಬ್ದ ಪೂರ್ತಿ ನಿಂತಿತು. ಆದರೆ ಮನುಷ್ಯ ಎಷ್ಟು ಹೊತ್ತು ಉಸಿರು ಹಿಡಿದಾನು?

ಸಿಳ್ಳೆ ಅವನ ಎದೆಯಿಂದ ಹೊರಬಂತು.

"ಯಾವಾಗಿಂದ?"

"ಎಂತದು?"

"ಎದೆಯೊಳಗೆ ಪೀಪಿ ಇಟ್ಕೊಂಡು ಎಂತದು ಅಂತ ಕೇಳ್ತೀರಲ್ಲ!"

"ಜೂನ್‌ನಿಂದ. ರಿಮೋಟ್ ಕೊಡು."

ಪ್ಲಾಂಟಿನಲ್ಲಿ ಯಂತ್ರ, ಕಾರಿನಲ್ಲಿ ರೇಡಿಯೊ, ಮನೆಯಲ್ಲಿ ಎಸಿ. ಐದು ತಿಂಗಳು ಅವನು ಒಂದು ಸದ್ದಿನಿಂದ ಇನ್ನೊಂದರೊಳಗೆ ನುಸುಳಿಕೊಂಡು ಬದುಕಿದ್ದ. ಐದು ತಿಂಗಳು ಅವಳು ಪಕ್ಕದಲ್ಲೇ ಮಲಗಿದ್ದಳು. ಆ ಉಸಿರು ನಿಂತೇ ಹೋಗಿದ್ದರೂ ಬೆಳಗ್ಗೆ ಚಾ ತರುವವರೆಗೆ ಅವಳಿಗೆ ಗೊತ್ತಾಗುತ್ತಿರಲಿಲ್ಲ.

"ಡಾಕ್ಟರಿಗೆ ತೋರಿಸುವ."

"ನನ್ನ ಜೊತೆ ಕೆಲಸಕ್ಕಿದ್ದ ಟೆರೆನ್ಸ್ ತೋರಿಸಿದ. ಎದೆ ಸರಿ ಇಲ್ಲ ಅಂತ ಪ್ಲಾಂಟಿನಿಂದ ತೆಗೆದ್ರು. ಎರಡು ವಾರದಲ್ಲಿ ಊರಿಗೆ ಹೊರಟ ಅವನನ್ನು ಏರ್‌ಪೋರ್ಟಿಗೆ ಬಿಟ್ಟು ಬಂದದ್ದು ನಾನೇ."

"ಜೀವಸಮೇತ ಬಿಟ್ಟು ಬಂದದ್ದಲ್ವಾ?"

ಅವನ ಬದಲು ಎದೆ ಉತ್ತರಿಸಿತು.

ಸ್ವರ್ಣಲತಾ ರಿಮೋಟಿನ ಎರಡೂ ಸೆಲ್ ತೆಗೆದು ನೈಟಿಯ ಜೇಬಿಗೆ ಹಾಕಿದಳು. "ನೀವು ಡಾಕ್ಟರ ಹತ್ರ ಹೋಗುವವರೆಗೆ ಇದು ಸಿಗ್ಲಿಕ್ಕಿಲ್ಲ. ನನಗೆ ಕೇಳ್ತಾ ಇರ್ಬೇಕು."

"ಅಪ್ಪಾ, ಒಮ್ಮೆ ಕೆಮ್ಮಿದ್ರೆ ಹೋಗ್ತದಾ?" ಎಂದಳು ಅಕ್ಷಯಾ.

ಕಿಟಕಿ ಮತ್ತೆ ತೆರೆಯಿತು. ಬೈಯಬೇಕೆನಿಸುವಷ್ಟು ಒಳ್ಳೆಯ ಗಾಳಿ. ಪದ್ಧತಿಯಂತೆ ಮೂವರೂ ಚಾ ಹಿಡಿದು ಕೂತರು. ಹೊರಗಿನದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಒಂದು ಸಿಳ್ಳೆ ಮುಗಿದಾಗ ಇನ್ನೊಂದು ಬರುವವರೆಗೆ ಸ್ವರ್ಣಲತಾ ಲೋಟವನ್ನು ತುಟಿಗೆ ತಾಗಿಸದೆ ಕಾಯುತ್ತಿದ್ದಳು.

ಭಾನುವಾರ ಯಜ್ಞೇಶ ಡಾಕ್ಟರಿಗೆ ತೋರಿಸಿದ. ಅಸ್ತಮಾ ಎಂದರು. ಪ್ಲಾಂಟಿನ ಕೆಲಸ ತಪ್ಪಿತು. ಊರಿಗೆ ಕಳಿಸದೆ ಅದೇ ಕಂಪನಿಯ ಸ್ಟೋರಿನ ಕೆಲಸಕ್ಕೆ ಹಾಕಿದರು. ಎಸಿ ಏಪ್ರಿಲ್‌ವರೆಗೆ ಆಫ್ ಇತ್ತು.