ಮಗ್ಗಿನ ಸುತ್ತ ಓಡಿದ ಟ್ಯಾಂಕುಗಳು

ಇಂಗ್ಲೆಂಡಿನ ಪಿಂಗಾಣಿ ಊರು ಲಾಂಗ್ಟನ್ನಿನ ಜೇಬೆಜ್ ಮರುಭೂಮಿಯ ಯುದ್ಧದಲ್ಲಿ ಒಂದೇ ಬೆಳಿಗ್ಗೆ, ಇನ್ನೂ ಮುಖವನ್ನೂ ತೊಳೆಯದೆ, ಹನ್ನೊಂದು ಜರ್ಮನ್ ಟ್ಯಾಂಕುಗಳನ್ನು ಹೊಡೆದುರುಳಿಸಿದ್ದ. ಹನ್ನೆರಡನೆಯದು ಇವನನ್ನು ದೂರದಿಂದ ಕಂಡು ತಾನಾಗಿಯೇ ಮಗುಚಿಕೊಂಡಿತು. ಊರಿನ ಪಬ್ಬಿನಲ್ಲಿ ನಲವತ್ತು ವರ್ಷದಿಂದ ಇದನ್ನು ಯಾರೂ ನಂಬಿರಲಿಲ್ಲ. ಆದರೂ ಇನ್ನೊಂದು ಸಲ ಹೇಳಿಸುವುದಕ್ಕೆಂದೇ ಬಿಯರು ಕೊಡಿಸುತ್ತಿದ್ದರು.

ನಂಬಿದವಳು ಎಲ್ಸಿ ಒಬ್ಬಳೇ. ಅವಳು ಪಿಂಗಾಣಿ ಕಾರ್ಖಾನೆಯಲ್ಲಿ ಕಪ್ಪು, ಮಗ್ಗುಗಳಿಗೆ ಚಿತ್ರ ಅಂಟಿಸುವವಳು. ಅವಳ ಗಂಡ ಸಿರಿಲ್ ಬದುಕಿದ್ದಷ್ಟು ದಿನವೂ ಸುಳ್ಳು ಹೇಳಿದ್ದ, ಎಲ್ಲವೂ ಸಣ್ಣ ಸುಳ್ಳುಗಳು: ಬಸ್ಸು ತಪ್ಪಿತು, ಬೂಟು ಕಚ್ಚಿತು, ತಲೆ ನೋವು. ಸುಳ್ಳೆಂದರೆ ಅಷ್ಟೇ ಗಾತ್ರದ್ದು, ಹನ್ನೊಂದು ಟ್ಯಾಂಕಿನಷ್ಟು ದೊಡ್ಡದು ಇರಲಾರದು ಎಂಬುದು ಅವಳ ಲೆಕ್ಕ. ಇನ್ನೊಂದು ಮದುವೆ ಅಂತಾದರೆ ನಿಜ ಹೇಳುವವನನ್ನೇ ಎಂದು ಕಾರ್ಖಾನೆಯ ಹೆಂಗಸರಿಗೆಲ್ಲ ಸಾರಿಬಿಟ್ಟಿದ್ದಳು. ಜೇಬೆಜ್ ಪಿಂಗಾಣಿ ಸುಡುವ ಆವಿಗೆಯ ಕೆಲಸದಿಂದ ನಿವೃತ್ತನಾದವನು, ಹೆಂಡತಿ ಸತ್ತು ಬಹಳ ಕಾಲವಾಗಿತ್ತು. ಎಲ್ಸಿಯನ್ನು ಇವತ್ತು ಕೇಳಿಯೇಬಿಡುವುದೆಂದು ಆ ಭಾನುವಾರ ಚಹಾಕ್ಕೆ ಕರೆದಿದ್ದ.

ಅವಳು ಬರುವ ಹೊತ್ತಿಗೆ ಮೇಜಿನ ಮೇಲೆ ದೋಸೆಯಂಥ ಓಟ್‌ಕೇಕಿನ ರಾಶಿ ಪಕ್ಕದ ಬೀದಿಗೂ ಕಾಣುವಷ್ಟು ಎತ್ತರವಿತ್ತು. ಅದರಿಂದ ಇಳಿಯುತ್ತಿದ್ದ ಚೀಸಿನಲ್ಲಿ ಒಂದು ಬೆಕ್ಕು ಈಜಬಹುದಿತ್ತು. ಎಲ್ಸಿ ಚೀಲದಿಂದ ಪೇಪರು ಸುತ್ತಿದ ಮಗ್ಗೊಂದನ್ನು ತೆಗೆದು ಅವನ ಮುಂದಿಟ್ಟಳು. ಯಾವುದೋ ಹಳೆಯ ಸೈನಿಕರ ಸಂಘದವರು ಉಡುಗೊರೆಗೆಂದು ಮಾಡಿಸಿದ್ದು. ಅದರ ಸುತ್ತ ಯುದ್ಧದ ಕಾಲದ ವಾರಪತ್ರಿಕೆಯಲ್ಲಿ ಬಂದಿದ್ದ ಚಿತ್ರ: ಮರಳು, ಹೊಗೆ, ಬೆಂಕಿ, ಒಂದರ ಹಿಂದೊಂದು ಟ್ಯಾಂಕು.

ಇದೇ ತಾನೇ ನಿನ್ನ ಯುದ್ಧ ಎಂದು ಅವಳು ಕೇಳಿದಳು. ಕನ್ನಡಕ ಹುಡುಕುವ ಮೊದಲೇ ಅವನು ಇದೇ ಎಂದುಬಿಟ್ಟ. ಮಗ್ಗಿನ ತುಂಬ ಚಹಾ ಸುರಿದ.

"ದೇವರು ದೊಡ್ಡವನು," ಎಂದಳು ಎಲ್ಸಿ. "ಅಂಟಿಸಿ ಅಂಟಿಸಿ ನನ್ನ ಕೈ ಬಿದ್ದುಹೋಗಿದೆ, ಆದ್ರೂ ನಮ್ಮೋರು ಯಾರು, ಅವರು ಯಾರು ಅಂತ ನಮ್ಮಲ್ಲಿ ಒಬ್ಬರಿಗೂ ತಿಳಿದಿಲ್ಲ ಕಣೋ. ಹಾಳೆ ಚಪ್ಪಟೆಯಾಗಿದ್ದಾಗ ಏನೋ ಒಂದು ಲೆಕ್ಕ ಸಿಗುತ್ತೆ. ಮಗ್ಗಿಗೆ ಸುತ್ತಿದ್ರೆ ಎಲ್ಲರಿಗಿಂತ ಮುಂದೆ ಇದ್ದೋನು ಎಲ್ಲರ ಹಿಂದೆ ಬಂದ್ಬಿಡ್ತಾನೆ. ಅಲ್ಲಿದ್ದೋನು ನೀನು, ಹೇಳು."

ಜೇಬೆಜ್ ಗಂಟಲು ಸರಿಮಾಡಿಕೊಂಡ. ಎಡಗಡೆಯವರು ನಮ್ಮವರು, ಮುಂದೆ ಓಡುತ್ತಿರುವವರು ಜರ್ಮನರು, ಇಷ್ಟೇ ಎಂದ. ಎಲ್ಸಿ ಮಗ್ಗನ್ನು ಮೇಜಿನ ಮೇಲೆ ಮೆಲ್ಲಗೆ ತಿರುಗಿಸಿದಳು. ಹಾಗಾದರೆ ನಮ್ಮವರನ್ನು ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತಿರುವವರು ಯಾರು ಎಂದು ಕೇಳಿದಳು. ಅವನು ಬಗ್ಗಿ ನೋಡಿದ. ಓಡಿಹೋಗುತ್ತಿದ್ದ ಜರ್ಮನರೇ ಒಂದು ಸುತ್ತು ಹಾಕಿ ಬಂದು ನಮ್ಮವರ ಬೆನ್ನಿಗೆ ಗುಂಡು ಹಾರಿಸುತ್ತಿದ್ದರು. ಅವನು ಮಗ್ಗನ್ನು ಉಲ್ಟಾ ಕಡೆಗೆ ತಿರುಗಿಸಿದ. ಈಗ ಎಲ್ಲರೂ ಹಿಮ್ಮುಖವಾಗಿ ಓಡತೊಡಗಿದರು. ನಡುವೆ ಇರುವವರು ಇಟಲಿಯವರು ಎಂದು ಅವನು ತೀರ್ಪು ಕೊಟ್ಟ. ಅರ್ಧ ಸುತ್ತಿಗೆ ಇಟಲಿಯವರ ಎರಡೂ ಕಡೆ ಇಟಲಿಯವರೇ ಆದರು. ಜೇಬೆಜ್‌ಗೆ ಅಡುಗೆಮನೆಯೇ ಗಿರ್ರೆಂದು ತಿರುಗಿದಂತಾಯಿತು. ತಾನು ಯಾವ ಪಕ್ಷದವನೆಂಬ ಅನುಮಾನ ಅವನಿಗೇ ಬಂತು.

ಪಾಪ, ಎಲ್ಸಿ ಅವನಿಗೆ ದಾರಿ ಮಾಡಿಕೊಟ್ಟಳು. ಅವರೆಲ್ಲ ಹೋಗಲಿ, ನಿನ್ನ ಟ್ಯಾಂಕು ಯಾವುದು ಅಷ್ಟು ತೋರಿಸು, ಉಳಿದವರನ್ನು ಅದರಿಂದ ಲೆಕ್ಕ ಹಾಕೋಣ ಎಂದಳು. ಅವನು ಹಿಡಿಯ ಪಕ್ಕದ ಒಂದರ ಮೇಲೆ ಹೆಬ್ಬೆರಳು ಊರಿದ.

"ಅದಕ್ಕೆ ಬೆಂಕಿ ಹತ್ತಿದೆಯಲ್ಲೋ."

"ಹತ್ತಿತ್ತು. ಬಾಗಿಲು ತೆಗೆದು ಹಾರಿದೆ."

"ಬಾಗಿಲು ಎಲ್ಲಿದೆ ಇದರಲ್ಲಿ?"

"ಇಲ್ಲೇ ಪಕ್ಕದಲ್ಲಿ. ಒಳಗಿನ ಹಿಡಿ ಕೆಟ್ಟಿತ್ತು. ಕಿಟಕಿ ಗಾಜು ಇಳಿಸಿ, ಕೈ ಹೊರಗೆ ಹಾಕಿ ತೆಗೀಬೇಕಾಗಿತ್ತು."

ಎಲ್ಸಿ ಮಗ್ಗನ್ನು ನೋಡಿದಳು. ಅದರಲ್ಲಿದ್ದ ಸೈನಿಕರೆಲ್ಲ ಟ್ಯಾಂಕಿನ ನೆತ್ತಿಯಿಂದಲೇ ತಲೆ ಹೊರಗೆ ಹಾಕಿದ್ದರು, ಒಬ್ಬನಿಗೂ ಪಕ್ಕದಲ್ಲಿ ಬಾಗಿಲಿರಲಿಲ್ಲ.

"ಟ್ಯಾಂಕಿಗೆ ಕಿಟಕಿ ಗಾಜೇ?" ಎಂದಳು.

ಲಾಂಗ್ಟನ್ನಿನವರಿಗೆ ಕೈಗೆ ಸಿಕ್ಕ ಕಪ್ಪನ್ನು ಬುಡಮೇಲು ಮಾಡಿ ಯಾರ ಕಾರ್ಖಾನೆಯ ಗುರುತು ಇದೆಯೆಂದು ನೋಡದಿದ್ದರೆ ತಡೆಯದು. ಮದುವೆಮನೆಯಾದರೂ ಅಷ್ಟೆ, ಸಾವಿನ ಮನೆಯಾದರೂ ಅಷ್ಟೆ. ಮಾತು ಬೇರೆ ಕಡೆಗೆ ತಿರುಗಿಸಲು ಜೇಬೆಜ್‌ಗೆ ತೋಚಿದ್ದು ಅದೊಂದೇ. ಇದು ಯಾರ ಮಾಲು ನೋಡೋಣ ಎನ್ನುತ್ತ ಮಗ್ಗನ್ನು ಎತ್ತಿ ಬೋರಲು ಮಾಡಿದ. ತುಂಬಿದ ಚಹಾ ಅಷ್ಟೂ ಅವನ ತೊಡೆಯ ಮೇಲೆ ಇಳಿಯಿತು.

ಎಲ್ಸಿ ನಗಲಿಲ್ಲ. ಬಟ್ಟೆ ತಂದುಕೊಟ್ಟಳು.

"ಸಿರಿಲ್ಲೂ ಬಾಯಿ ಕಟ್ಟಿದಾಗ ಹೀಗೇ ಕಪ್ಪಿನ ಬುಡ ನೋಡೋನು," ಎಂದು ಕೋಟಿಗೆ ಕೈಹಾಕಿದಳು.

ಅವಳ ಒಂದು ತೋಳು ಕೋಟಿನೊಳಗೆ ಹೋಗಿಯೇಬಿಟ್ಟಿತು. ಒದ್ದೆ ಪ್ಯಾಂಟಿನಲ್ಲಿ ನಿಂತಿದ್ದ ಜೇಬೆಜ್ ಎಷ್ಟೋ ವರ್ಷದಿಂದ ಹೇಳದ ಮಾತು ಹೇಳಿದ.

"ಲಾರಿ ಕಣೆ ಅದು. ನೀರಿನ ಲಾರಿ. ಟ್ಯಾಂಕಿನೋರು ಎಲ್ಲೋ ಮುಂದೆ, ನಾನು ಎಲ್ಲೋ ಹಿಂದೆ. ಅವರ ಚಹಾಕ್ಕೆ ನೀರು ಹೊರೋದು ನನ್ನ ಕೆಲಸ. ಟ್ಯಾಂಕು ಹತ್ತಿರದಿಂದ ಕಂಡಿದ್ದು ರೈಲಿನ ಮೇಲೆ ಮಾತ್ರ. ಅದಕ್ಕೂ ಟಾರ್ಪಾಲು ಮುಚ್ಚಿತ್ತು."

"ಹನ್ನೊಂದು ಉರುಳಿಸಿದ್ದು?"

"ಒಂದೂ ಇಲ್ಲ. ಒಂದು ಸಲ ಹಿಂದಕ್ಕೆ ತೆಗೆಯುವಾಗ ನಮ್ಮದೇ ಅಡುಗೆ ಡೇರೆ ಉರುಳಿಸಿದ್ದೆ."

ಅವಳು ಇನ್ನೊಂದು ತೋಳನ್ನು ಹಾಗೇ ಬಿಟ್ಟು ಕುರ್ಚಿಯ ತುದಿಗೆ ಕೂತಳು. ಇನ್ನೂ ಏನೇನಿದೆ, ಎಲ್ಲ ಈಗಲೇ ಕಕ್ಕಿಬಿಡು ಎಂದಳು.

ಜೇಬೆಜ್ ಮೇಜಿನ ಕಡೆ ನೋಡಿದ. ರಾಶಿ ಎಂದದ್ದು ಜಾಸ್ತಿಯಾಯಿತು, ಅಲ್ಲಿದ್ದದ್ದು ಆರು.

"ಓಟ್‌ಕೇಕು ನಾನು ಮಾಡಿದ್ದಲ್ಲ, ಮೂಲೆ ಅಂಗಡಿಯದು," ಎಂದ. "ಆಮೇಲೆ, ಸುಮ್ನೆ ಚಹಾಕ್ಕೆ ಬಾ ಅಂದಿದ್ನಲ್ಲ, ಅದೂ ಸುಳ್ಳೇ ಎಲ್ಸಿ. ಕರೆದಿದ್ದು ನನ್ನ ಮದುವೆ ಆಗ್ತೀಯಾ ಅಂತ ಕೇಳೋದಕ್ಕೆ."