ಅಂಬರೀಶನ ಮಷೀನು

ವಾಳೂಜಿನ ಆ ಕಾರಖಾನೆಯ ಚಿಮಣಿ ವಾರವಿಡೀ ಸಭ್ಯವಾಗಿದ್ದು ಸೋಮವಾರ ಮಾತ್ರ ಹಾದಿ ತಪ್ಪುತ್ತಿತ್ತು. ಆಟೊರಿಕ್ಷಾಗಳಿಗೆ ಬಣ್ಣ ಹೊಡೆಯುವಾಗ ಏಳುವ ಥಿನ್ನರಿನ ಆವಿಯನ್ನು ಹೊರಗೆ ಬಿಡದೆ ಒಳಗೇ ಸುಟ್ಟುಬಿಡುವ ಬರ್ನರ್ ಒಂದನ್ನು ಚಿಮಣಿಯ ಬುಡದಲ್ಲಿ ಕೂರಿಸಿದ್ದರು. ಕೂರಿಸಿದವನು ನಾಸಿಕದಿಂದ ಬಂದುಹೋಗುವ ಎಂಜಿನಿಯರ್ ರವಿಕಾಂತ. ಮಂಗಳವಾರದಿಂದ ಶನಿವಾರದವರೆಗೆ ಚಿಮಣಿಯಿಂದ ಹೊರಬೀಳುವ ಆವಿ ಅಳೆಯುವ ಮೀಟರಿನ ಮುಳ್ಳು ಗೆರೆಯ ಕೆಳಗೆ ತಣ್ಣಗೆ ಕೂತಿರುತ್ತಿತ್ತು. ಸೋಮವಾರ ಬೆಳಿಗ್ಗೆ ಕೂದಲೆಳೆಯಷ್ಟು ಮೇಲೇರುತ್ತಿತ್ತು. ಸರಕಾರದ ಲೆಕ್ಕದಲ್ಲಿ ಕೂದಲೆಳೆಯೂ ಗೆರೆ ದಾಟಿದ್ದೇ.

ಕಾರಖಾನೆಯ ಮುಖ್ಯಸ್ಥ ಹರಿದಾಸರಾವ್ ಒಳ್ಳೆಯ ಮನುಷ್ಯ, ಅಂದರೆ ಕೆಟ್ಟ ಸುದ್ದಿಯನ್ನು ಚಹಾ ಕುಡಿಸಿ ಹೇಳುವವರು. ಬರುವ ಸೋಮವಾರವೂ ಮುಳ್ಳು ಮೇಲೆ ಹೋದರೆ ಬರ್ನರ್ ಬಿಚ್ಚಿ ಮಾರಿದವರಿಗೇ ವಾಪಸು ಕಳಿಸುವುದಾಗಿಯೂ, ನಾಸಿಕದ ಕಾರಖಾನೆಗೆ ಇಂಥದ್ದೇ ಇನ್ನೊಂದನ್ನು ತರಿಸುವ ಮಾತು ಅಲ್ಲಿಗೇ ಮುಗಿಯುವುದಾಗಿಯೂ, ಬರ್ನರಿಲ್ಲದ ಹಳೆಯ ಚಿಮಣಿ ಇಷ್ಟು ವರ್ಷ ಯಾರಿಂದಲೂ ಬೈಸಿಕೊಂಡಿರಲಿಲ್ಲವೆಂದೂ ಅವರು ಚಹಾದ ಜೊತೆ ತಿಳಿಸಿದರು. ಭಾನುವಾರ ರಜೆಯಲ್ಲಿ ಯಂತ್ರ ತಣ್ಣಗಾಗುವುದೇ ಕಾರಣವೆಂದು ರವಿಕಾಂತ ರಜೆಯ ದಿನವೂ ಅದನ್ನು ಬಿಸಿ ಇಟ್ಟು ನೋಡಿದ್ದ. ಕ್ಯಾಂಟೀನಿನವರು ಸೋಮವಾರದ ಉಪವಾಸಕ್ಕೆಂದು ಹುರಿಯುವ ಸಾಬೂದಾಣೆಯ ಮೇಲೂ ಒಬ್ಬ ಫೋರ್‌ಮನ್ನಿಗೆ ಗುಮಾನಿಯಿತ್ತು. ಒಂದು ವಾರ ಸಾಬೂದಾಣೆಯೂ ಬಂದ್ ಆಯಿತು. ಉಪವಾಸದವರು ನಿಜಕ್ಕೂ ಉಪವಾಸ ಬಿದ್ದರು. ಮುಳ್ಳು ಮಾತ್ರ ಸೋಮವಾರ ಏರುವುದನ್ನು ಬಿಡಲಿಲ್ಲ.

ರವಿಕಾಂತನ ಮನೆತನ ಭಾಲ್ಕಿಯ ಕಡೆಯದು, ಬೆಳೆದದ್ದು ನಾಸಿಕದಲ್ಲಿ. ಅವನಿಗಿದ್ದದ್ದು ಅಡುಗೆಮನೆಯ ಕನ್ನಡ. ಉಣ್ಣಲು, ಬೈಸಿಕೊಳ್ಳಲು ಸಾಕಾಗುವಷ್ಟು. ವಾಳೂಜಿನಲ್ಲಿ ಅದನ್ನು ಅವನು ಬಳಸುತ್ತಿದ್ದದ್ದು ಒಬ್ಬಳ ಜೊತೆ, ಕಸ ಗುಡಿಸುವ ಚನಬಸವ್ವನ ಜೊತೆ. ಉಳಿದವರಿಗೆಲ್ಲ ಅವಳು ಮರಾಠಿಯ ಮಾವಶಿ, ಅಂದರೆ ಚಿಕ್ಕಮ್ಮ. ಅವನು ಮಾತ್ರ ಅವ್ವಾ ಎನ್ನುತ್ತಿದ್ದ. ಅವಳು ಆಳಂದದ ಕಡೆಯವಳು. ಅವನು ನಾಸಿಕದಿಂದ ಬಂದಾಗಲೆಲ್ಲ ಜೋಳದ ರೊಟ್ಟಿ ಕಟ್ಟಿ ತಂದು, ನಿಮ್ಮವ್ವ ನಿನಗ ಕನ್ನಡ ಕಲಿಸಲಿಲ್ಲಂದ್ರೂ ರೊಟ್ಟಿ ತಿನ್ನೂದರೆ ಕಲಿಸ್ಯಾಳ ಎಂದು ಚುಚ್ಚುತ್ತಿದ್ದಳು.

ಅವಳ ಮಗ ಅಂಬರೀಶ ಇದೇ ವಿಭಾಗದಲ್ಲಿ ಗುತ್ತಿಗೆಯ ಕೆಲಸಕ್ಕಿದ್ದವನು. ಹಳೆಯ ಚಿಮಣಿಯ ಕೊಳವೆಯಲ್ಲಿ ಗಟ್ಟಿಯಾದ ಬಣ್ಣ ಕೆರೆಯಲು ಇಳಿದವನನ್ನು ಆವಿ ಸುತ್ತಿಕೊಂಡಿತು. ಹೊರಗೆ ಎಳೆದಾಗ ಉಸಿರಿರಲಿಲ್ಲ. ಊರಿಗೆ ಒಯ್ದು ಹೊಲದ ಬದುವಿನಲ್ಲಿ ಹೂತು, ಮೇಲೊಂದು ಗದ್ದುಗೆ ಕಟ್ಟಿದರು. ಕಂಪನಿ ತಾಯಿಗೆ ಕಸಬರಿಗೆ ಕೊಟ್ಟಿತು, ಚಿಮಣಿಗೆ ಬರ್ನರ್ ಕೊಟ್ಟಿತು. ಇನ್ನು ಯಾರೂ ಆ ಕೊಳವೆಗೆ ಇಳಿಯಬೇಕಾಗಿಲ್ಲ ಎಂದು ರವಿಕಾಂತ ಮೊದಲ ದಿನವೇ ಅವಳಿಗೆ ತಿಳಿಸಿ ಹೇಳಿದ್ದ. ಅಂದಿನಿಂದ ಅವಳ ಬಾಯಲ್ಲಿ ಅದು ಬರ್ನರ್ ಅಲ್ಲ, ಅಂಬರೀಶನ ಮಷೀನು. ಅದನ್ನು ಬಿಚ್ಚುತ್ತಾರಂತೆ ಎಂಬ ಸುದ್ದಿ ಕಿವಿಗೆ ಬಿದ್ದಮೇಲೆ ರೊಟ್ಟಿಯ ಗಂಟು ಕೊಡುವಾಗ ಚುಚ್ಚುವುದನ್ನೂ ಮರೆತಿದ್ದಳು.

ಸೋಮವಾರ ರವಿಕಾಂತ ಎಲ್ಲರಿಗಿಂತ ಮೊದಲೇ ಬಂದು ಬರ್ನರಿನ ಹಿಂದಿನ ಮೂಲೆಯಲ್ಲಿ ಕಾದು ನಿಂತ. ಅಲ್ಲೊಂದು ಕಬ್ಬಿಣದ ಜಾಲರಿ. ಸುಟ್ಟು ಬಂದ ಬಿಸಿಗಾಳಿಯನ್ನು ಚಿಮಣಿಗೆ ಬಿಡುವ ಮುನ್ನ ತಣಿಸಲು ಒಂದು ಫ್ಯಾನು ಆ ಜಾಲರಿಯಿಂದ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ಗುಡಿಸುತ್ತ ಅಲ್ಲಿಗೆ ಬಂದ ಚನಬಸವ್ವ ಕಸಬರಿಗೆ ಗೋಡೆಗೆ ಆನಿಸಿದಳು. ಸೆರಗಿನ ಗಂಟು ಬಿಚ್ಚಿದಳು. ಹಣೆಗೆ ವಿಭೂತಿ ಹಚ್ಚಿಕೊಂಡು, ಒಂದು ಮುಷ್ಟಿ ಕರ್ಪೂರ ತೆಗೆದು ಜಾಲರಿಯ ಬೆಚ್ಚನೆಯ ಅಂಚಿನ ಮೇಲೆ ಸಾಲಾಗಿ ಜೋಡಿಸಿದಳು.

ಬೆಂಕಿ ಹಚ್ಚಲಿಲ್ಲ. ಬಣ್ಣದ ವಿಭಾಗದಲ್ಲಿ ಬೆಂಕಿ ಕೂಡದೆಂಬುದು ಅವಳಿಗೆ ಗೊತ್ತಿತ್ತು. ಕಣ್ಣು ಮುಚ್ಚಿ ನಿಂತಳು. ಅವಳು ಕಣ್ಣು ತೆರೆಯುವಷ್ಟರಲ್ಲೇ ಬಿಲ್ಲೆಗಳು ಸವೆಯತೊಡಗಿದ್ದವು. ಅವುಗಳ ಘಮ ಫ್ಯಾನಿನ ಸೆಳೆತಕ್ಕೆ ಸಿಕ್ಕಿ, ಬರ್ನರಿನ ಬೆಂಕಿ ತಪ್ಪಿಸಿಕೊಂಡು, ನೇರ ಮೀಟರಿನ ದಾರಿ ಹಿಡಿದಿತ್ತು.

ರವಿಕಾಂತ ಮುಂದೆ ಬಂದ. ಅವಳು ಬೆಚ್ಚಲಿಲ್ಲ. ಸಿಕ್ಕಿಬಿದ್ದವಳ ಮುಖವಲ್ಲ ಅದು, ಮಗನ ಮನೆಗೆ ನೆಂಟರು ಬಂದಾಗಿನ ಮುಖ. ಊರಿನ ಗದ್ದುಗೆಗೆ ಹೋಗಿಬರಲು ಆಗುವುದಿಲ್ಲ, ಜೀವ ಹೋದದ್ದು ಇಲ್ಲೇ ಅಲ್ಲವೇ, ಅದಕ್ಕೆ ಸೋಮವಾರ ಇಲ್ಲೇ ಇಡುತ್ತೇನೆ ಎಂದಳು.

"ಮನ್ಯಾಗ ಇಟ್ರ ಹಂಗೇ ಕುಂತಿರ್ತದಪಾ. ಇಲ್ಲಿ ಇಟ್ರ ನೋಡ್ ನೋಡೂದ್ರಾಗ ಖಾಲಿ. ತೊಗೊಂತಾನ ಅವ."

ಮೀಟರಿನ ಮುಳ್ಳು ಆಗಲೇ ಕದಲಿತ್ತು. ಸುಳ್ಳು ಹೇಳಬಹುದಿತ್ತು. ಮರಾಠಿಯಲ್ಲಾಗಿದ್ದರೆ ಸುತ್ತಿ ಬಳಸಿ, ನೋವಾಗದಂತೆ ಹೇಳಲು ಅವನಿಗೆ ಬರುತ್ತಿತ್ತು. ಅಡುಗೆಮನೆಯ ಕನ್ನಡದಲ್ಲಿ ಅಷ್ಟು ಜಾಗವಿರಲಿಲ್ಲ.

"ಇಲ್ಲವ್ವಾ. ಬಿಸಿಗಿ ಹಾರಿ ಹೋಗತದ. ಗಾಳ್ಯಾಗ. ಸೋಮವಾರ ಮೀಟರ್ ಏರೂದು ಇದಕ್ಕಽ."

ಅವಳು ಜಾಲರಿ ನೋಡಿದಳು, ಮೀಟರ್ ನೋಡಿದಳು. ತಲೆ ಎತ್ತಿ ಚಿಮಣಿಯ ತುದಿಯನ್ನೂ ನೋಡಿದಳು. ತಿಳಿಯುವುದಕ್ಕೆ ಹೊತ್ತು ಹಿಡಿಯಲಿಲ್ಲ. ಹಿಡಿದಿದ್ದರೆ ಒಳ್ಳೆಯದಿತ್ತು ಎನಿಸಿತು ರವಿಕಾಂತನಿಗೆ.

"ಅಂದ್ರ ಅವ ತೊಗೊಳ್ಳಲಿಲ್ಲ."

ಅವನು ಜಾಲರಿಯ ಮೇಲೆ ಉಳಿದಿದ್ದ ಬಿಲ್ಲೆಗಳನ್ನು ನೋಡಿದ.

"ಇಷ್ಟ್ ದಿನ ಅವನ ಮಷೀನಿಗಿ ನಾನಽ ಹೊಗಿ ಹಾಕಿದಂಗಾತು."

ಹಾಗಲ್ಲ ಎನ್ನಲು ಬಾಯಿ ತೆರೆದ. ಅದು ಹಾಗೆಯೇ ಇತ್ತು. ಅವಳು ಉಳಿದ ಬಿಲ್ಲೆಗಳನ್ನು ಒಂದೊಂದಾಗಿ ಆಯ್ದು ಸೆರಗಿಗೆ ಹಾಕಿಕೊಂಡಳು. ಅಂಚನ್ನು ಬರಿಗೈಯಿಂದ ಒರೆಸಿದಳು. ಬಿಸಿ ತಾಗಿದರೂ ಕೈ ತೆಗೆಯಲಿಲ್ಲ. ಮಷೀನು ಇರತದಲ್ಲ, ಬಿಚ್ಚೂದಿಲ್ಲಲ್ಲ ಎಂದು ಎರಡು ಸಲ ಕೇಳಿದಳು. ಇರುತ್ತದೆ ಎಂದ.

ಹೊತ್ತೇರುವಷ್ಟರಲ್ಲಿ ಮುಳ್ಳು ಗೆರೆಯ ಕೆಳಗೆ ಇಳಿದು ಅಲ್ಲೇ ನಿಂತಿತು. ಹರಿದಾಸರಾವ್ ಪೇಢೆ ತರಿಸಿದರು. ಕಾರಣವೇನೆಂದು ಕೇಳಿದ್ದಕ್ಕೆ ಜಾಲರಿಯಲ್ಲಿ ಕಸ ಸೇರಿತ್ತು ಎಂದ ರವಿಕಾಂತ. ಇದನ್ನು ಮರಾಠಿಯಲ್ಲಿ ಹೇಳಿದ್ದರಿಂದ ಸರಾಗವಾಗಿ ಬಂತು. ನಾಸಿಕಕ್ಕೂ ಬರ್ನರ್ ತರಿಸುವುದೆಂದು ಅಲ್ಲೇ ನಿಶ್ಚಯವಾಯಿತು.

ಮುಂದಿನ ವಾರ ಅವನು ಬಂದಾಗ ಆ ವಿಭಾಗ ಗುಡಿಸುತ್ತಿದ್ದವಳು ಬೇರೆ ಹೆಂಗಸು. ಮಾವಶಿ ತಾನೇ ಕೇಳಿಕೊಂಡು ಕ್ಯಾಂಟೀನಿಗೆ ಹೋದಳಂತೆ. ರವಿಕಾಂತ ಅಲ್ಲಿಗೆ ಹೋದ. ಚನಬಸವ್ವ ತಾಟು ಒರೆಸುತ್ತಿದ್ದಳು. ಹಣೆ ಬೋಳಾಗಿತ್ತು. ಉಂಡೆಯಾ ಎಂದಳು, ಉಂಡೆ ಎಂದ. ನಂಬದೆ ತಾಟು ಹಾಕಿ ಬಡಿಸಿದಳು. ಹಳೆಯ ವಿಭಾಗಕ್ಕೇ ವಾಪಸು ಬಾ, ನಾನು ಹೇಳಿ ಮಾಡಿಸುತ್ತೇನೆ ಎಂದು ತನಗೆ ಬರುವಷ್ಟು ಕನ್ನಡದಲ್ಲಿ ಅವನು ಬೇಡಿಕೊಂಡ.

"ಅಲ್ಲಿ ನಂದೇನದ ಈಗ?" ಎಂದಳು. ಸೌಟು ಕೈಗೆತ್ತಿಕೊಂಡು, "ಮಷೀನು ಚಂದ ನಡಸ್ರಿ. ಮಂದಿ ಮಕ್ಕಳು ಅದಾವ ಅಲ್ಲಿ."

ಅವನ ತಾಟಿಗೆ ಇನ್ನೊಂದು ಸೌಟು ಅನ್ನ ಹಾಕಿ, ಸಾಲಿನಲ್ಲಿ ಕಾಯುತ್ತಿದ್ದವರ ಕಡೆ ತಿರುಗಿದಳು.