ಫೋಕಸ್ ಕಮ್ಮಿ ಬಿದ್ದದ

ಮಾಣಿಕನ ಕ್ಯಾಮೆರಾ ಕಣ್ಣು ಬಿಟ್ಟು ಕಿವಿ ನೋಡಲು ಶುರುಮಾಡಿತ್ತು. ನಗಬೇಡಿ, ಇದ್ದದ್ದನ್ನೇ ಹೇಳುತ್ತಿದ್ದೇನೆ. ಎದುರು ಕೂತವರ ಕಣ್ಣಿಗೆ ಗುರಿಯಿಟ್ಟು ಬಟನ್ ಒತ್ತಿದರೆ, ಫೋಟೋದಲ್ಲಿ ಕಿವಿ ಮಾತ್ರ ಸ್ವಚ್ಛವಾಗಿ ಬರುತ್ತಿತ್ತು. ಓಲೆಯ ಹರಳು, ಕಿವಿಯ ಹಿಂದಿನ ಕೂದಲು, ಎಲ್ಲ ಲಕ್ಷಣವಾಗಿ. ಕಣ್ಣು ಮೂಗು ಮಾತ್ರ ಹಬೆ ಹಿಡಿದ ಕನ್ನಡಿಯಲ್ಲಿ ಕಂಡ ಹಾಗೆ.

ಭಾಲ್ಕಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವನ ಸ್ಟುಡಿಯೋ. ಮುಂದೆ ಒಂದು ಕೋಣೆ, ಒಳಗೆ ನೀಲಿ ಪರದೆ ಕಟ್ಟಿದ ಇನ್ನೊಂದು ಕೋಣೆ, ಮಾಳಿಗೆಯ ಮೇಲೆ ಮನೆ. ಹೆಂಡತಿ ಶಾಲುಬಾಯಿ, ಆರು ತುಂಬಿದ ಮಗಳು ಯಶೋಧರಾ. ಅದು ಎರಡು ಸಾವಿರದ ಹದಿನಾರರ ಬೇಸಿಗೆ. ಮಳೆ ಮುಖ ತಿರುಗಿಸಿ ವರ್ಷಗಳೇ ಆಗಿದ್ದವು. ಟ್ಯಾಂಕರ್ ಬಂದರೆ ಸ್ನಾನ, ಬರದಿದ್ದರೆ ಇಲ್ಲ. ಮದುವೆಗಳನ್ನು ಜನ ಮುಂದೂಡುತ್ತಿದ್ದರು. ಮಾಣಿಕನಿಗೆ ಸಿಗುತ್ತಿದ್ದ ಕೆಲಸ ಒಂದೇ, ಪಾಸ್‌ಪೋರ್ಟ್ ಸೈಜ್ ಫೋಟೋ. ಮೆಹಕರದವರು, ಸಾಯಗಾಂವದವರು ಗಂಟು ಕಟ್ಟಿಕೊಂಡೇ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ಪುಣೆಯ ಕಂಪನಿ ಗೇಟಿನಲ್ಲಿ ಫೋಟೋ ಕೇಳುತ್ತಾರಂತೆ. ತೆಗೆಸಿಕೊಂಡು, ಒದ್ದೆ ಪ್ರಿಂಟನ್ನು ಊದುತ್ತಾ ಅದೇ ಕಾಲಲ್ಲಿ ಬಸ್ಸಿಗೆ ಓಡುತ್ತಿದ್ದರು. ಊರು ಖಾಲಿಯಾಗುತ್ತಿದ್ದುದರಿಂದಲೇ ಅವನ ಒಲೆ ಉರಿಯುತ್ತಿತ್ತು. ಮೊದಮೊದಲು ಅವನಿಗೆ ಕೆಟ್ಟದೆನಿಸುತ್ತಿತ್ತು, ಆಮೇಲೆ ಏನೂ ಅನಿಸುವುದೇ ನಿಂತುಹೋಯಿತು. ಕೂಡ್ರಿ, ಗದ್ದ ಮ್ಯಾಲ ಮಾಡ್ರಿ, ಆಯ್ತ್ರಿ. ಅಷ್ಟೇ.

ಮೊದಲು ತಕರಾರು ತೆಗೆದವನು ಔರಾದಿನ ಕಾಶೀರಾಮ. ರಾತ್ರಿ ವಿಡಿಯೋದವರ ಹಳದಿ ದೀಪದಲ್ಲಿ ತೆಗೆದಿದ್ದ ಮಗಳ ನಿಶ್ಚಯದ ಆಲ್ಬಮ್ಮನ್ನು ಕಂಕುಳಲ್ಲಿ ಇಟ್ಟುಕೊಂಡು ಬಿಸಿಲಲ್ಲಿ ಬಂದಿದ್ದ.

“ಮಾಣಿಕಣ್ಣ, ಏನ್ರಿ ಇದು? ಫೋಕಸೇ ಸರಿ ಬಿದ್ದಿಲ್ಲಲ್ರಿ! ಹುಡುಗಿ ಮುಖ ನೋಡ್ರಿ, ಮುಂಜಾನಿ ಮಂಜಿನ್ಯಾಗ ನಿಂತಂಗ ಕಾಣ್ಲತ್ತದ.”

ಇಲ್ಲಿಯೇ ಎಡವಟ್ಟಾದದ್ದು. ಈ ಸೀಮೆಯಲ್ಲಿ ಫೋಕಸ್ ಅಂದರೆ ದೀಪ. ಮೆರವಣಿಗೆಯಲ್ಲಿ ತಲೆಯ ಮೇಲೆ ಹೊತ್ತು ನಡೆಯುವುದು ಫೋಕಸ್, ವಿಡಿಯೋದವನ ಹಿಂದೆ ವೈರು ಎಳೆಯುತ್ತ ಓಡುವವನು ಎತ್ತಿ ಹಿಡಿಯುವುದು ಫೋಕಸ್. ಮಾಣಿಕ ಈ ಕಸುಬಿಗೆ ಬಂದದ್ದೇ ಮದುವೆಗಳಲ್ಲಿ ಫೋಕಸ್ ಹಿಡಿದು. ಕ್ಯಾಮೆರಾದ ಪುಸ್ತಕದಲ್ಲಿರುವ ಫೋಕಸ್ ಬೇರೆ ಎಂದು ಅವನಿಗೆ ಗೊತ್ತಿಲ್ಲವೆಂದಲ್ಲ. ಆದರೆ ಕಾಶೀರಾಮನಂಥವರ ಬಾಯಲ್ಲಿ ಆ ಮಾತು ಬಂದರೆ ಅರ್ಥ ಒಂದೇ: ಬೆಳಕು ಸಾಲದು. ಸರಿ, ಸಾವಿರ ವ್ಯಾಟಿನ ಹಳದಿ ಹ್ಯಾಲೊಜನ್ ತಂದು ಸ್ಟೂಲಿನ ಎದುರು ನಿಲ್ಲಿಸಿದ. ಈಗ ಸ್ಟುಡಿಯೋದ ಫೋಟೋಗಳೂ ಕೆಟ್ಟವು. ಗಿರಾಕಿಗಳು ಮತ್ತೆ “ಫೋಕಸ್ ಕಮ್ಮಿ ಬಿದ್ದದ್ರಿ” ಅಂದರು. ಇವನು ದೀಪವನ್ನು ಮತ್ತಷ್ಟು ಹತ್ತಿರ ಸರಿಸಿದ. ಕೂತವರ ಹಣೆಯಿಂದ ಬೆವರು ಇಳಿಯುತ್ತಿತ್ತು. ಕ್ಯಾಮೆರಾ ಮಾತ್ರ ಇನ್ನಷ್ಟು ನಿಷ್ಠೆಯಿಂದ ಕಿವಿಯನ್ನೇ ನೋಡುತ್ತಿತ್ತು.

ಹೇಗೋ ನಡೆದಿತ್ತು, ನಡೆಯುತ್ತಲೂ ಇತ್ತು. ಆದರೆ ಶಾಲುಬಾಯಿಯ ಫೋಟೋವೇ ತಿರುಗಿ ಬಂತು.

ಪುಣೆಯ ಒಂದು ದವಾಖಾನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸವನ್ನು ಅವಳ ಅಕ್ಕ ಹುಡುಕಿಕೊಟ್ಟಿದ್ದಳು. “ಮಳಿ ಬೀಳೋತನ ಅಷ್ಟೇರಿ. ಮಳಿ ಬಿತ್ತಂದ್ರ ಬಂದೇ ಬರ್ತೇನಿ” ಎಂದಿದ್ದಳು ಶಾಲುಬಾಯಿ. ಮಾಣಿಕ ಹೂಂ ಅಂದಿದ್ದ. ಹೋಗಬೇಡ ಅನ್ನಲಿಲ್ಲ, ನಾನೂ ಬರುತ್ತೇನೆ ಅನ್ನಲಿಲ್ಲ. ಗುರುತಿನ ಚೀಟಿಗೆಂದು ಅವನೇ ತೆಗೆದ ಫೋಟೋ ಕಳಿಸಿದರೆ, ಮುಖ ಸಾಫ್ ಇಲ್ಲ, ಬೇರೆ ತೆಗೆಸಿ ಕಳಿಸಿ ಎಂದು ಆ ಕಡೆಯಿಂದ ಫೋನು. ಫೋಟೋಗ್ರಾಫರನ ಹೆಂಡತಿಯ ಫೋಟೋ! ಓಣಿಗೆ ಗೊತ್ತಾದರೆ ನಕ್ಕು ನಕ್ಕು ಸಾಯುತ್ತಾರೆ. ಶಾಲುಬಾಯಿ ನಗಲೂ ಇಲ್ಲ, ಬೈಯಲೂ ಇಲ್ಲ. “ಐತವಾರ ಗಾಡಿ ಅದ್ರಿ. ಅದಕ್ಕಿಂತ ಮೊದಲ ಇನ್ನೊಂದು ತೆಗೀರಿ” ಎಂದು ಪಾತ್ರೆ ತೊಳೆಯಲು ಹೋದಳು.

ಮರುದಿನ ಮಾಣಿಕ ಕ್ಯಾಮೆರಾ ಚೀಲ ಹೆಗಲಿಗೆ ಹಾಕಿ ಬೀದರಿಗೆ ಹೋದ. ಚಿದ್ರಿಯಲ್ಲಿ ಬದ್ರೋದ್ದೀನನ ರಿಪೇರಿ ಅಂಗಡಿ, ಅಂದರೆ ಮನೆಯ ಕಟ್ಟೆ. ಬದ್ರೋದ್ದೀನ ಕಟ್ಟೆಯ ಮೇಲೆ ಚಹಾದ ಗ್ಲಾಸುಗಳನ್ನು ಒಂದರ ಹಿಂದೆ ಒಂದು ಓರೆಯಾಗಿ ಜೋಡಿಸಿ, ನಡುವಿನ ಗ್ಲಾಸಿಗೆ ಗುರಿಯಿಟ್ಟು ಫೋಟೋ ಹೊಡೆದ. ನಡುವಿನದೇ ಸ್ವಚ್ಛವಾಗಿ ಬಂತು. ಮತ್ತೆ ಹೊಡೆದ, ಮತ್ತೆ ನಡುವಿನದೇ.

“ಅರೆ ಭಾಯ್, ಕ್ಯಾಮೆರಾ ಏಕದಮ್ ಬರೋಬರ್ ಅದ! ನಿನ್ನ ಕೈಯೇ ನಡುಗ್ಲತ್ತಾವ. ಮನ್ಯಾಗ ಏನರ ತಕಲೀಫ್ ಅದ ಏನು?”

“ಏನೂ ಇಲ್ರಿ” ಎಂದ ಮಾಣಿಕ. ಬಸ್ಸಿನಲ್ಲಿ ದಾರಿಯುದ್ದಕ್ಕೂ ತನ್ನ ಎರಡು ಕೈಗಳನ್ನೇ ನೋಡುತ್ತ ಕೂತ. ಅವು ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು.

ಭಾಲ್ಕಿಗೆ ಬಂದವನೇ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದ. ಕೈಯ ಹಂಗೇ ಬೇಡವೆಂದು ಟೈಮರ್ ಇಟ್ಟ. ಮನೆಯಿಂದ ಗ್ಲಾಸು ತಂದು ಬದ್ರೋದ್ದೀನನ ಹಾಗೆಯೇ ಬೆಂಚಿನ ಮೇಲೆ ಓರೆಯಾಗಿ ಸಾಲಿಟ್ಟ. ದೀಪ ಹಚ್ಚಿ, ನಡುವಿನದಕ್ಕೆ ಗುರಿಯಿಟ್ಟ. ಅದರ ಹಿಂದಿನ ಗ್ಲಾಸು ಸ್ವಚ್ಛವಾಗಿ ಬಂತು. ಲೆನ್ಸ್ ಬಿಚ್ಚಿ, ಒರೆಸಿ, ಮತ್ತೆ ಹಾಕಿ ಹೊಡೆದ. ಮತ್ತೆ ಹಿಂದಿನದೇ. ಬೀದರಿನಲ್ಲಿ ಸರಿಯಿದ್ದದ್ದು ಭಾಲ್ಕಿಯಲ್ಲಿ ಕೆಡುವುದೆಂದರೆ ಏನು, ಕ್ಯಾಮೆರಾಕ್ಕೂ ಊರು ಬೇಜಾರಾಗಿದೆಯೇ? ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇನ್ನೊಮ್ಮೆ ಬಟನ್ ಒತ್ತಿದ, ಅಷ್ಟೇ.

ಅಷ್ಟರಲ್ಲಿ ಕರೆಂಟು ಹೋಯಿತು. ಆ ಬೇಸಿಗೆಯಲ್ಲಿ ಅದು ಹೊಸದೇನಲ್ಲ. ಬೆಂಚನ್ನು ಬಾಗಿಲ ಬೆಳಕಿಗೆ ಎಳೆದು, ಹೊತ್ತು ಹೋಗಲೆಂದು ಮತ್ತೆ ಒತ್ತಿದ. ನಡುವಿನ ಗ್ಲಾಸು! ಅಂಚಿಗೆ ಒಣಗಿದ ಚಹಾದ ಗೆರೆ ಕೂಡ ಕಾಣುತ್ತಿತ್ತು. ಕರೆಂಟು ಬಂದೊಡನೆ ಬೆಂಚನ್ನು ದೀಪದ ಕೆಳಗೆ ಎಳೆದ. ಹಿಂದಿನ ಗ್ಲಾಸು. ಬಾಗಿಲಿಗೆ ಎಳೆದ. ನಡುವಿನದು. ಬೆಂಚಿನ ಕಾಲು ಕಿರ್ರ್ ಎಂದು ನೆಲ ಕೆರೆಯುತ್ತಿತ್ತು, ಅವನು ಹುಚ್ಚನ ಹಾಗೆ ಎಳೆದಾಡುತ್ತಿದ್ದ.

ದೂರ ಅಳೆಯಲು ಕ್ಯಾಮೆರಾದ ಹೊಟ್ಟೆಯೊಳಗೆ ಇನ್ನೊಂದು ಸಣ್ಣ ಕಣ್ಣಿರುತ್ತದೆ. ಅವನದರಲ್ಲಿ ಆ ಕಣ್ಣು ಹಗಲ ಬೆಳಕಿಗೆ ಹೊಂದಿಕೊಂಡದ್ದು. ಹ್ಯಾಲೊಜನ್ನಿನ ಕೆಂಪು ಬೆರೆತ ಹಳದಿ ಬೆಳಕಿನಲ್ಲಿ ಅದು ಮೋಸ ಹೋಗಿ, ಮುಖವನ್ನು ಬೆರಳಷ್ಟು ಹಿಂದೆ ಅಳೆಯುತ್ತಿತ್ತು. ಮಾಣಿಕನೋ, ಹಿಂದಿನ ಪರದೆ ಮಸುಕಾಗಲೆಂದು ಲೆನ್ಸಿನ ಬಾಯಿ ಪೂರ್ತಿ ತೆರೆದೇ ತೆಗೆಯುವವನು. ಬೆರಳಷ್ಟು ತಪ್ಪಿದರೂ ಕಣ್ಣು ಹೋಗಿ ಕಿವಿ ಬರುತ್ತದೆ. ಫೋಕಸ್ ಹೆಚ್ಚು ಮಾಡಿದಷ್ಟೂ ಫೋಕಸ್ ಕೆಡುತ್ತ ಹೋಗಿತ್ತು. ಥೂ ಇವನ! ಎಂದು ತನ್ನನ್ನು ತಾನೇ ಬೈದುಕೊಂಡ. ಎಷ್ಟೋ ತಿಂಗಳ ಮೇಲೆ ಅವನಿಗೆ ನಗು ಬಂತು.

“ಶಾಲೂ! ಇಳದ ಬಾ, ಲಗು!”

ಶಾಲುಬಾಯಿ ಕೈ ಒರೆಸಿಕೊಳ್ಳುತ್ತ ಇಳಿದು ಬಂದಳು, ಮಗಳು ಸೆರಗು ಹಿಡಿದು ಹಿಂದೆಯೇ. ಹೆಂಡತಿಯನ್ನು ಬಾಗಿಲ ಬೆಳಕಿನಲ್ಲಿ ಕೂರಿಸಿ, ತಾನು ಹೊಸ್ತಿಲಾಚೆ ನಿಂತು ತೆಗೆದ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದ. ರೆಪ್ಪೆಯ ಒಂದೊಂದು ಕೂದಲೂ ಕಾಣುತ್ತಿತ್ತು. ತಿರುಗಿ ಬಂದಿದ್ದ ಮಸುಕು ಫೋಟೋದಲ್ಲಿ ಅವಳ ಕಣ್ಣು ತುಂಬಿಕೊಂಡ ಹಾಗೆ ಕಾಣುತ್ತಿತ್ತು. ಹೋಗಲು ಮನಸ್ಸಿಲ್ಲ, ಪಾಪ, ಎಂದುಕೊಂಡು ಅವನು ಒಳಗೊಳಗೇ ಸಮಾಧಾನಪಟ್ಟುಕೊಂಡಿದ್ದ. ಈಗ ನೋಡಿದರೆ ಕಣ್ಣು ಒಣಗಿಯೇ ಇದ್ದವು. ನಿದ್ದೆ ಇಲ್ಲದೆ ಬಳಲಿದ, ನೇರವಾಗಿ ನೋಡುವ ಕಣ್ಣು.

“ಛೊಲೊ ಬಂದದ್ರಿ” ಎಂದಳು ಶಾಲುಬಾಯಿ. ಆಮೇಲೆ ಮಗಳ ತಲೆಗೂದಲು ನೀವುತ್ತ, “ಹಂಗೇ ಯಶೂಂದೂ ತೆಗೀರಿ” ಎಂದಳು.

“ಆಕಿದು ಯಾಕ?”

“ಅಲ್ಲಿ ಸಾಲಿಗಿ ಬೇಕಂತ್ರಿ. ಹೆಸರು ಹಚ್ಚಬೇಕಲ್ಲ.”

ಶಾಲೆ ಶುರುವಾಗುವುದು ಜೂನಿನಲ್ಲಿ. ಮಳೆ ಬರುವುದೂ ಬಂದರೆ ಜೂನಿನಲ್ಲೇ. ಮಳೆ ಬಿದ್ದರೆ ವಾಪಸ್ ಬರುವವರು ಅಲ್ಲಿ ಯಾಕೆ ಹೆಸರು ಹಚ್ಚುತ್ತಾರೆ? ಮಾಣಿಕ ಹೆಂಡತಿಯ ಮುಖ ನೋಡಿದ. ಅವಳು ಮುಖ ತಿರುಗಿಸಲಿಲ್ಲ.

“ನೀವು ಒಮ್ಮಿ ಆದ್ರೂ ಬ್ಯಾಡ ಅಂತೀರಿ ಅಂತ ಕಾದೆ ರೀ” ಎಂದಳು ಮೆಲ್ಲಗೆ. “ನಿಮ್ಮ ಬಾಯಿಂದ ಒಂದು ಮಾತು ಬರಲಿಲ್ಲ. ಇನ್ನ ನನಗೂ ತಿರುಗಿ ಬರೋದು ಬ್ಯಾಡಾಗ್ಯದ.”

ಮಾಣಿಕ ನೀಲಿ ಪರದೆಯತ್ತ ತಿರುಗಿದ. ಒಳಕೋಣೆಯಲ್ಲಿ ಹ್ಯಾಲೊಜನ್ ಉರಿಯುತ್ತಲೇ ಇತ್ತು. ಬಾ ಯಶೂ, ಒಳಗೆ ಕೂಡು, ಅಂದರೆ ಸಾಕು. ಫೋಟೋ ಮಸುಕಾಗುತ್ತದೆ, ಸಾಲಿಯವರು ತಿರುಗಿಸಿ ಕಳಿಸುತ್ತಾರೆ, ಇನ್ನೊಮ್ಮೆ ತೆಗೆದರೆ ಇನ್ನೊಮ್ಮೆ. ಹೆಸರು ಹಚ್ಚುವ ದಿನ ದಾಟಿ ಹೋಗಬಹುದು. ಹೇಗೆ ಕೆಡಿಸಬೇಕೆಂದು ಅವನಿಗೆ ಅದೇ ದಿನ ಗೊತ್ತಾಗಿತ್ತು, ಬೇರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಮಗಳು ತಾನೇ ಒಳಗೆ ಓಡಿ ಸ್ಟೂಲು ಹತ್ತಿ ಕೂತಿದ್ದಳು, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು.

ಮಾಣಿಕ ಕ್ಯಾಮೆರಾ ಎತ್ತಿದ. ಬೆರಳು ಬಟನ್ನಿನ ಮೇಲಿತ್ತು. ಆಮೇಲೆ ಹೋಗಿ ಸ್ವಿಚ್ಚು ಆರಿಸಿದ.

“ಇಲ್ಲಿ ಬ್ಯಾಡವ್ವಾ. ಬಾಗಲಾಗ ಬಾ.”

ಹೊಸ್ತಿಲಾಚೆ ಮೊಣಕಾಲೂರಿ ಕೂತು, ಕಣ್ಣಿಗೇ ಗುರಿಯಿಟ್ಟು, ಉಸಿರು ಹಿಡಿದು ತೆಗೆದ. ಆ ಬೇಸಿಗೆಯಲ್ಲಿ ಅವನು ತೆಗೆದದ್ದರಲ್ಲೆಲ್ಲ ಅದೇ ಸ್ವಚ್ಛವಾದದ್ದು. ಕಂಪ್ಯೂಟರಿನಲ್ಲಿ ಹಿಗ್ಗಿಸುತ್ತ ಹೋದರೆ, ಮಗಳ ಕಣ್ಣಿನ ಕಪ್ಪಿನಲ್ಲಿ ಬಿಳಿ ಬಾಗಿಲು, ಬಾಗಿಲಲ್ಲಿ ಮೊಣಕಾಲೂರಿ ಕೂತ ಒಬ್ಬ ಕಪ್ಪು ಮನುಷ್ಯ.

“ಹೋಗಬ್ಯಾಡ ಶಾಲು” ಎಂದ ಹಿಂದೆ ತಿರುಗದೆಯೇ.

ತಿರುಗಿ ನೋಡಿದರೆ ಅಲ್ಲಿ ಯಾರೂ ಇರಲಿಲ್ಲ. ಮಾಳಿಗೆಯ ಮೇಲೆ ತಾಯಿ ಮಗಳು ಟ್ರಂಕು ಎಳೆಯುವ ಸದ್ದು ಕೇಳುತ್ತಿತ್ತು. ಅವನು ಫೋಟೋವನ್ನು ಪಾಸ್‌ಪೋರ್ಟ್ ಸೈಜಿಗೆ ಇಳಿಸಿದ. ಕಣ್ಣಿನೊಳಗಿನ ಮನುಷ್ಯ ಚುಕ್ಕಿಯಾಗಿ, ಆಮೇಲೆ ಕಾಣದಾದ. ಒಂದು ಹಾಳೆ ಪೂರ್ತಿ ಪ್ರಿಂಟ್ ಕೊಟ್ಟು, ಕತ್ತರಿ ಹುಡುಕಿದ.